ಪಿಎಚ್‌ಡಿ ಪ್ರಕಟಣೆಯ ಮೊದಲ ಪ್ಯಾರಾದಲ್ಲೇ ಹಣದ ವಿಷಯ ಬರೆಯಿರಿ

ವಿಶ್ವವಿದ್ಯಾಲಯಗಳ ಸಂಶೋಧನಾ ವಿಭಾಗಗಳ ಮುಖ್ಯಸ್ಥರಿಗೆ, ಪಿಎಚ್‌ಡಿ ಮಾರ್ಗದರ್ಶಕರಿಗೆ ಹಾಗೂ ಅನುದಾನ ಸಂಸ್ಥೆಗಳಿಗೆ

ಮಾನ್ಯರೇ,

ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳ ಪಿಎಚ್‌ಡಿ ಪ್ರಾಜೆಕ್ಟ್‌ಗಳನ್ನು ನೀವು ಪ್ರಕಟಿಸುವಾಗ ಸಂಶೋಧನೆಯ ವಿಷಯಕ್ಕೆ ಎರಡು ಪುಟ ಕೊಡುತ್ತೀರಿ. ಹಣದ ವಿಷಯಕ್ಕೆ ಅರ್ಧ ಸಾಲು. ಅರ್ಜಿ ಹಾಕುವವರಿಗೆ ಮೊದಲು ಬೇಕಾಗಿರುವುದು ಆ ಅರ್ಧ ಸಾಲಿನ ಪೂರ್ತಿ ವಿವರ. ಹಣ ಯಾರದು, ಮಂಜೂರಾಗಿದೆಯೇ, ಯಾರಿಗೆ ಸಲ್ಲುತ್ತದೆ, ಯಾವ ತಿಂಗಳವರೆಗೆ ಬರುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಪ್ರಕಟಣೆಯ ಮೊದಲ ಪ್ಯಾರಾದಲ್ಲೇ ಬರೆಯಿರಿ ಎಂದು ಕೇಳುವುದಕ್ಕಾಗಿ ಈ ಪತ್ರ. ಅರ್ಜಿದಾರರೂ ಇದನ್ನು ಓದುತ್ತಾರೆ. ಹಾಗಾಗಿ, ನೀವು ಬರೆಯುವವರೆಗೆ ಅವರು ಏನನ್ನು ಕೇಳಬೇಕು, ಎಲ್ಲಿ ಪರಿಶೀಲಿಸಬೇಕು ಎಂಬುದನ್ನೂ ಜೊತೆಯಲ್ಲೇ ಹೇಳುತ್ತೇವೆ.

ಹಣವಿದೆ ಎಂದು ಹೇಳುವ ಎಲ್ಲ ಪ್ರಕಟಣೆಗಳೂ ಒಂದೇ ಬಗೆಯವಲ್ಲ. ಕೆಲವು ಪ್ರಾಜೆಕ್ಟ್‌ಗಳಲ್ಲಿ ಅನುದಾನ ಮಂಜೂರಾಗಿ ಮಾರ್ಗದರ್ಶಕರ ಖಾತೆಗೆ ಬಂದಿರುತ್ತದೆ. ಆಯ್ಕೆಯಾದವರು ಸೇರಿಕೊಂಡರೆ ಕೆಲಸ ಶುರು. ಇನ್ನು ಕೆಲವು ಸ್ಪರ್ಧೆಯ ಪ್ರಾಜೆಕ್ಟ್‌ಗಳು. ಒಂದು ವಿಭಾಗ 20 ಪ್ರಾಜೆಕ್ಟ್‌ಗಳನ್ನು ಪ್ರಕಟಿಸಿದೆ, ಹಣ ಇರುವುದು 6 ಜನರಿಗೆ ಎಂದುಕೊಳ್ಳೋಣ. ಪ್ರತಿ ಮಾರ್ಗದರ್ಶಕರೂ ತಮ್ಮ ಪ್ರಾಜೆಕ್ಟ್‌ಗೆ ಒಬ್ಬರನ್ನು ಆರಿಸಿ ಹೆಸರು ಕಳಿಸುತ್ತಾರೆ. ಆಮೇಲೆ ಒಂದು ಸಮಿತಿ ಆ 20 ಹೆಸರುಗಳನ್ನು ಒಟ್ಟಿಗೆ ಇಟ್ಟು ತೂಗಿ 6 ಜನರನ್ನು ಉಳಿಸಿಕೊಳ್ಳುತ್ತದೆ. ಇಲ್ಲಿ ಮಾರ್ಗದರ್ಶಕರು 'ನಿಮ್ಮನ್ನು ಆರಿಸಿದ್ದೇನೆ' ಎಂದು ಬರೆದರೆ ಅರ್ಧ ದಾರಿ ಬಂದಂತೆ, ಅಷ್ಟೇ. ಅದನ್ನೇ ಅಂತಿಮ ಎಂದು ತಿಳಿದು ಬೇರೆ ಕಡೆಯ ಅವಕಾಶ ಬಿಟ್ಟವರು ಸಮಿತಿಯಲ್ಲಿ ಬಿದ್ದುಹೋದಾಗ ಎರಡೂ ಕೈತಪ್ಪುತ್ತವೆ. ಮೂರನೆಯ ಬಗೆಯಲ್ಲಿ ಅನುದಾನದ ಪ್ರಸ್ತಾವನೆ ಇನ್ನೂ ಪರಿಶೀಲನೆಯಲ್ಲಿರುತ್ತದೆ, ಸಿಕ್ಕರೆ ಹುದ್ದೆ, ಇಲ್ಲವಾದರೆ ಇಲ್ಲ. ನಾಲ್ಕನೆಯದರಲ್ಲಿ ಲ್ಯಾಬ್ ಮತ್ತು ವಿಷಯ ಸಿದ್ಧವಿರುತ್ತವೆ, ಫೆಲೋಶಿಪ್ ಅನ್ನು ಅರ್ಜಿದಾರರೇ ಗೆದ್ದು ತರಬೇಕು. ಐದನೆಯದರಲ್ಲಿ ಪೂರ್ತಿ ಸ್ವಂತ ಖರ್ಚು, ಅದರ ಮೇಲೆ ರಾಸಾಯನಿಕ ಮತ್ತು ಉಪಕರಣಗಳ ಬಾಬ್ತು ಬೆಂಚ್ ಶುಲ್ಕ ಬೇರೆ.

ಐದನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಅಕ್ಷರದ ಗಾತ್ರದಲ್ಲಿ ಪ್ರಕಟಿಸಬೇಡಿ. ಸ್ಪರ್ಧೆಯ ಪ್ರಾಜೆಕ್ಟ್ ಆಗಿದ್ದರೆ ಎಷ್ಟು ಪ್ರಾಜೆಕ್ಟ್‌ಗಳು, ಎಷ್ಟು ಸ್ಥಾನಗಳು ಎಂಬ ಎರಡು ಸಂಖ್ಯೆಗಳನ್ನು ಕೊಡಿ, ಸಮಿತಿ ಸೇರುವ ದಿನಾಂಕವನ್ನೂ ಬರೆಯಿರಿ. ಅರ್ಜಿದಾರರು ಕೇಳಬೇಕಾದ ಪ್ರಶ್ನೆ ಇಷ್ಟೇ: 'ಈ ಹಣ ಈಗಾಗಲೇ ಮಂಜೂರಾಗಿದೆಯೇ? ಇಲ್ಲದಿದ್ದರೆ ನಿಮ್ಮ ಆಯ್ಕೆಯ ನಂತರ ಇನ್ನೆಷ್ಟು ಹಂತಗಳಿವೆ?' ಇದನ್ನು ಕೇಳುವುದು ಒರಟುತನವಲ್ಲ. ಇದಕ್ಕೆ ನೇರ ಉತ್ತರ ಕೊಡದ ಮಾರ್ಗದರ್ಶಕರ ಬಳಿ ನಾಲ್ಕು ವರ್ಷ ಕೆಲಸ ಮಾಡುವ ಬಗ್ಗೆ ಅರ್ಜಿದಾರರು ಎರಡು ಸಲ ಯೋಚಿಸಬೇಕು ಎಂದು ನಾವು ಮುಕ್ತವಾಗಿಯೇ ಹೇಳುತ್ತೇವೆ.

ಅರ್ಹತೆಯ ವಿಷಯದಲ್ಲಿ ಆಗುವ ನಷ್ಟ ಇನ್ನೂ ದೊಡ್ಡದು. ಹಣ ಕೊಡುವವರ ನಿಯಮ ಒಂದು ಕಡೆ, ಪ್ರಕಟಣೆ ಇನ್ನೊಂದು ಕಡೆ ಇರುತ್ತದೆ. ಹಲವು ದೇಶಗಳ ಸಂಸ್ಥೆಗಳು ಕೂಡಿ ಪಿಎಚ್‌ಡಿ ನಡೆಸುವ, ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳನ್ನೇ ನೋಡಿ. ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಕೆಲಸಕ್ಕೆ ಸೇರುವ ದಿನಕ್ಕೆ ಹಿಂದಿನ 36 ತಿಂಗಳಲ್ಲಿ, ನೇಮಿಸಿಕೊಳ್ಳುವ ಸಂಸ್ಥೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಲಿ, ಓದಾಗಲಿ, ಕೆಲಸವಾಗಲಿ ಮಾಡಿರಬಾರದು. ಜರ್ಮನಿಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಈಗಷ್ಟೇ ಮುಗಿಸಿದವರು ಅದೇ ನೆಟ್‌ವರ್ಕ್‌ನ ಜರ್ಮನ್ ಸಂಸ್ಥೆಗೆ ಅನರ್ಹರು, ಡಚ್ ಅಥವಾ ಇಟಾಲಿಯನ್ ಸಂಸ್ಥೆಗೆ ಅರ್ಹರು. ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಕಳೆದ ಮೂರು ವರ್ಷ ಎಲ್ಲಿದ್ದಿರಿ ಎಂಬುದು. ಒಂದು ನೆಟ್‌ವರ್ಕ್‌ನಲ್ಲಿ ಹತ್ತಾರು ಹುದ್ದೆಗಳು ಬೇರೆಬೇರೆ ದೇಶಗಳಲ್ಲಿ ಇರುವುದರಿಂದ ಪ್ರತಿ ಹುದ್ದೆಗೂ ಈ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಪ್ರಕಟಣೆಯ ಕೊನೆಯ ಪುಟದ ಕೊನೆಯ ಸಾಲಿನಲ್ಲಿ 'ಮೊಬಿಲಿಟಿ (ವಾಸದ) ನಿಯಮ ಅನ್ವಯಿಸುತ್ತದೆ' ಎಂದು ಬರೆದು ಬಿಟ್ಟರೆ ಸಾಲದು. ಹುದ್ದೆಯ ಹೆಸರಿನ ಪಕ್ಕದಲ್ಲೇ ದೇಶ ಮತ್ತು ನಿಯಮ ಎರಡೂ ಇರಬೇಕು.

ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಅನುದಾನ ಸಂಸ್ಥೆ ಯುಕೆಆರ್‌ಐ ಕೊಡುವ ಅನುದಾನ 2021-22ರಿಂದ ಹೊರದೇಶದ ವಿದ್ಯಾರ್ಥಿಗಳಿಗೂ ತೆರೆದಿದೆ, ಆದರೆ ಒಂದು ಸಾಲಿನಲ್ಲಿ ಸೇರುವ ವಿದ್ಯಾರ್ಥಿಗಳ ತಂಡದಲ್ಲಿ ಅವರು ಶೇ. 30ರೊಳಗೆ ಇರಬೇಕು. ಜೊತೆಗೆ ಯುಕೆಆರ್‌ಐ ಕೊಡುವುದು ಸ್ಥಳೀಯ ವಿದ್ಯಾರ್ಥಿಗಳ ಶುಲ್ಕದ ದರ ಮಾತ್ರ. ಹೊರದೇಶದವರ ಶುಲ್ಕ ಅದಕ್ಕಿಂತ ಹೆಚ್ಚಿದ್ದಾಗ ಆ ವ್ಯತ್ಯಾಸವನ್ನು ವಿಶ್ವವಿದ್ಯಾಲಯವೇ ಭರಿಸಬೇಕಾಗುತ್ತದೆ. ಹಾಗಾಗಿ ಕೆಲವು ವಿಭಾಗಗಳು ಶೇ. 30ರ ಮಿತಿ ಮುಟ್ಟುವ ಮೊದಲೇ ಕೈ ಬಿಗಿಹಿಡಿಯುತ್ತವೆ. ಹೊರದೇಶದವರಿಗೆ ಮೀಸಲಾದ ಸ್ಥಾನಗಳು ಜನವರಿಯಲ್ಲೇ ತುಂಬಿಹೋಗಿದ್ದರೂ ಪ್ರಕಟಣೆ ಮೇ ತಿಂಗಳವರೆಗೆ ಹಾಗೇ ತೆರೆದಿದ್ದರೆ, ಆ ನಾಲ್ಕು ತಿಂಗಳಲ್ಲಿ ಬರುವ ಹೊರದೇಶದ ಅರ್ಜಿಗಳೆಲ್ಲ ವ್ಯರ್ಥ. 'ಹೊರದೇಶದವರ ಸ್ಥಾನಗಳು ತುಂಬಿವೆ' ಎಂದು ಒಂದು ಸಾಲು ಸೇರಿಸಲು ನಿಮಗೆ ಐದು ನಿಮಿಷ ಸಾಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಗ್ರ್ಯಾಜುಯೇಟ್ ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅದರ ಹೆಸರನ್ನು ಹಣದ ಮೂಲಗಳ ಪಟ್ಟಿಯಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಸೇರಿಸಬೇಡಿ.

ಭದ್ರತಾ ಪರಿಶೀಲನೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬ್ರಿಟನ್ನಿನಲ್ಲಿ ಹಲವು ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳಿಗೆ ಅನೇಕ ದೇಶಗಳ ಪ್ರಜೆಗಳು ಎಟಿಎಎಸ್ ಪ್ರಮಾಣಪತ್ರ ಪಡೆಯಬೇಕು. ಅದು ಕೈಗೆ ಬರದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಮತ್ತು ಅದರ ಅರ್ಜಿಗೆ ಬೇಕಾದ ಸಂಶೋಧನಾ ವಿವರಣೆಯನ್ನು ವಿಶ್ವವಿದ್ಯಾಲಯವೇ ಕೊಡಬೇಕು. ಮಾರ್ಗದರ್ಶಕರು ಆ ಒಂದು ಪ್ಯಾರಾ ಬರೆದುಕೊಡಲು ಒಂದು ತಿಂಗಳು ಕಳೆದರೆ ಸೇರುವ ದಿನಾಂಕ ಅಷ್ಟೇ ಮುಂದಕ್ಕೆ ಹೋಗುತ್ತದೆ. ಪ್ರವೇಶ ಪತ್ರ ಕಳಿಸುವ ದಿನವೇ ಇದನ್ನೂ ಬರೆದು ಕಳಿಸಿ.

ಸೇರುವ ದಿನಾಂಕ ಮುಂದಕ್ಕೆ ಹೋದರೆ ಏನಾಗುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಈ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಜನರನ್ನು ಸಿಕ್ಕಿಸುವ ಜಾಗ ಇದೇ. ಅನುದಾನಕ್ಕೆ ಮುಕ್ತಾಯದ ದಿನಾಂಕ ನಿಗದಿಯಾಗಿರುತ್ತದೆ. 36 ತಿಂಗಳ ಅನುದಾನ ಒಂದು ಜನವರಿಯಲ್ಲಿ ಶುರುವಾಯಿತು ಎನ್ನಿ. ಪ್ರಕಟಣೆ ಮಾರ್ಚ್‌ನಲ್ಲಿ ಹೊರಬಂತು, ಸಂದರ್ಶನ ಮೇನಲ್ಲಿ, ವೀಸಾ ಆಗಸ್ಟ್‌ನಲ್ಲಿ, ಸೇರಿದ್ದು ಅಕ್ಟೋಬರ್ 1ಕ್ಕೆ. ಒಂಬತ್ತು ತಿಂಗಳು ಆಗಲೇ ಖರ್ಚಾಗಿವೆ, ಉಳಿದಿರುವುದು 27. ಪ್ರಕಟಣೆಯಲ್ಲಿ ಮಾತ್ರ 'ಮೂರು ವರ್ಷದ ಹಣವಿದೆ' ಎಂದೇ ಇದೆ. ಅನುದಾನದ ಅವಧಿಯನ್ನು ವಿಸ್ತರಿಸಲು ಹಲವು ಸಂಸ್ಥೆಗಳು ಒಪ್ಪುತ್ತವೆ. ಆದರೆ ಅದು ಸಾಮಾನ್ಯವಾಗಿ ಹೆಚ್ಚುವರಿ ಹಣವಿಲ್ಲದ ವಿಸ್ತರಣೆ, ಮತ್ತು ಅದಕ್ಕೂ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು.

ಇನ್ನು, 36 ತಿಂಗಳು ಪೂರ್ತಿ ಸಿಕ್ಕರೂ ಪ್ರಾಯೋಗಿಕ ವಿಷಯಗಳಲ್ಲಿ ಅದು ಬಿಗಿಯೇ. ತೀವ್ರ ಎಕ್ಸ್-ಕಿರಣ ಒದಗಿಸುವ ಸಿಂಕ್ರೊಟ್ರಾನ್ ಕೇಂದ್ರಗಳಲ್ಲಿ ಪ್ರಯೋಗದ ಸಮಯಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಪ್ರಸ್ತಾವನೆ ಕರೆಯುತ್ತಾರೆ. ಒಂದು ಸುತ್ತಿನಲ್ಲಿ ಪ್ರಸ್ತಾವನೆ ತಿರಸ್ಕೃತವಾದರೆ ಆರು ತಿಂಗಳು ಹೋಯಿತು. ಪ್ರಾಣಿ ಅಥವಾ ಮನುಷ್ಯರ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬರುವವರೆಗೆ ಒಂದು ಮಾಹಿತಿಯನ್ನೂ ಸಂಗ್ರಹಿಸುವಂತಿಲ್ಲ. ಹೊಸ ಉಪಕರಣ ಬರುವುದು, ಅದನ್ನು ಕೂರಿಸುವುದು, ಅಳತೆ ಸರಿಪಡಿಸುವುದು ಎಂದರೆ ಮೊದಲ ವರ್ಷದ ಅರ್ಧ. ಕೃಷಿ ಅಥವಾ ಪರಿಸರ ಅಧ್ಯಯನದಲ್ಲಿ ಒಂದು ಋತು ತಪ್ಪಿದರೆ ಮುಂದಿನದು ಒಂದು ವರ್ಷದ ನಂತರವೇ. ಮಹಾಪ್ರಬಂಧ ಬರೆಯುವ ಕೊನೆಯ ಆರೇಳು ತಿಂಗಳು ಸಂಬಳವಿಲ್ಲದೆ ಕಳೆಯಬೇಕಾಗಿ ಬರುವುದಕ್ಕೆ ಇವೇ ಕಾರಣಗಳು. ಇವುಗಳಲ್ಲಿ ವಿದ್ಯಾರ್ಥಿಯ ತಪ್ಪು ಒಂದೂ ಇಲ್ಲ.

ಇದಕ್ಕೆ ದೇಶಗಳು ಬೇರೆಬೇರೆ ರೀತಿಯಲ್ಲಿ ಉತ್ತರ ಕಂಡುಕೊಂಡಿವೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ಪೂರ್ಣಾವಧಿ ಅಧ್ಯಯನಕ್ಕೆ ಹಣ, ಪಾಠ ಮುಂತಾದ ವಿಭಾಗದ ಕೆಲಸ ಶೇ. 20ರವರೆಗೆ ಇದ್ದರೆ ಅದು ಐದು ವರ್ಷಕ್ಕೆ ಹಿಗ್ಗುತ್ತದೆ. ನಾರ್ವೆಯಲ್ಲಿ ಮೂರು ವರ್ಷ, ಶೇ. 25ರ ಬೋಧನಾ ಕೆಲಸ ಸೇರಿದರೆ ನಾಲ್ಕು. ನೆದರ್ಲೆಂಡ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ, ಆದರೆ ಮೊದಲ ಒಪ್ಪಂದ ಒಂದು ಅಥವಾ ಒಂದೂವರೆ ವರ್ಷಕ್ಕೆ ಇದ್ದು ಮೌಲ್ಯಮಾಪನದ ನಂತರ ಮುಂದುವರಿಯುತ್ತದೆ. ಫ್ರಾನ್ಸಿನ ಡಾಕ್ಟೊರಲ್ ಒಪ್ಪಂದ ಮೂರು ವರ್ಷದ್ದು. ಯಾವ ಪದ್ಧತಿಯಾದರೂ ನಡೆದೀತು. ಕೇಳುವುದು ಇಷ್ಟೇ: 'ಮೂರು ವರ್ಷ' ಎಂದು ಬರೆಯುವ ಬದಲು 'ನೀವು ಈ ದಿನ ಸೇರಿದರೆ ಕೊನೆಯ ಸಂಬಳ ಈ ತಿಂಗಳು' ಎಂದು ಬರೆಯಿರಿ. ಹಿಂದಿನ ಐದು ವಿದ್ಯಾರ್ಥಿಗಳು ಸೇರಿದ ದಿನದಿಂದ ಪ್ರಬಂಧ ಸಲ್ಲಿಸುವವರೆಗೆ ಎಷ್ಟೆಷ್ಟು ತಿಂಗಳು ತೆಗೆದುಕೊಂಡರು ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಕೊಟ್ಟರೆ ಓದುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಮೊತ್ತದ ಬಗ್ಗೆ ಬರೆಯುವಾಗಲೂ ಅರ್ಧ ಸತ್ಯ ಬೇಡ. ಜರ್ಮನಿಯ ಪ್ರಕಟಣೆಗಳಲ್ಲಿ 'ಟಿವಿ-ಎಲ್ ಇ13' ಎಂಬ ವೇತನ ಶ್ರೇಣಿ ಇರುತ್ತದೆ. ಅದರ ಮುಂದಿನ ಶೇಕಡಾವಾರು ನೋಡದಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನದಲ್ಲಿ ಪೂರ್ಣ ಹುದ್ದೆ ಸಾಮಾನ್ಯ, ಜೀವವಿಜ್ಞಾನದಲ್ಲಿ ಅರ್ಧ ಅಥವಾ ಮೂರನೇ ಎರಡು ಭಾಗದ ಹುದ್ದೆಗಳೇ ಹೆಚ್ಚು. ಸಂಬಳ ಅರ್ಧವಾದರೂ ಲ್ಯಾಬ್‌ನಲ್ಲಿನ ಕೆಲಸ ಅರ್ಧವಾಗುವುದಿಲ್ಲ. ಅಮೆರಿಕದಲ್ಲಿ ಬೋಧನಾ ಸಹಾಯಕ ಹುದ್ದೆ ವಾರಕ್ಕೆ 20 ಗಂಟೆಯದಾಗಿದ್ದು, ಎಷ್ಟೋ ಕಡೆ ಒಂಬತ್ತು ತಿಂಗಳಿಗೆ ಮಾತ್ರ ಇರುತ್ತದೆ. ಬೇಸಿಗೆಯ ಮೂರು ತಿಂಗಳ ಸಂಬಳ ಮಾರ್ಗದರ್ಶಕರ ಅನುದಾನದಿಂದ ಬರಬೇಕು. ಬೋಧನಾ ಶುಲ್ಕ ಮನ್ನಾ ಆದರೂ ವಿಶ್ವವಿದ್ಯಾಲಯದ ಇತರ ಶುಲ್ಕಗಳು, ಆರೋಗ್ಯ ವಿಮೆಯ ಒಂದು ಪಾಲು ವಿದ್ಯಾರ್ಥಿಯ ತಲೆಗೇ ಬರಬಹುದು. ನೌಕರಿಯ ಒಪ್ಪಂದವೋ ಶಿಷ್ಯವೇತನವೋ ಎಂಬುದನ್ನೂ ಹೇಳಿ. ನೌಕರಿಯಾದರೆ ತೆರಿಗೆ ಕಡಿತವಾಗುತ್ತದೆ, ಆದರೆ ಪಿಂಚಣಿ, ಹೆರಿಗೆ ರಜೆ, ಕಾಯಿಲೆ ರಜೆ ಕಾನೂನಿನ ಪ್ರಕಾರ ಸಿಗುತ್ತವೆ. ಶಿಷ್ಯವೇತನಕ್ಕೆ ಹಲವೆಡೆ ತೆರಿಗೆ ಇಲ್ಲ, ಆದರೆ ಈ ರಕ್ಷಣೆಗಳು ತಾವಾಗಿ ಬರುವುದಿಲ್ಲ. ಎರಡು ಕಡೆಯ ಮೊತ್ತವನ್ನು ಹೋಲಿಸುವವರು ಕೈಗೆ ಬರುವ ಹಣವನ್ನು, ಆ ಊರಿನ ಬಾಡಿಗೆ ಕಳೆದು, ಹೋಲಿಸಬೇಕು.

ಉಪಕರಣ, ರಾಸಾಯನಿಕ, ಕಂಪ್ಯೂಟಿಂಗ್, ಕ್ಷೇತ್ರಕಾರ್ಯ, ಸಮ್ಮೇಳನ ಪ್ರಯಾಣ ಇವುಗಳ ಖರ್ಚು ಎಲ್ಲಿಂದ ಎಂಬುದು ಬೇರೆಯೇ ಪ್ರಶ್ನೆ. ಸಂಬಳವಿದೆ, ಲ್ಯಾಬ್ ಖರ್ಚಿಗೆ ಹಣವಿಲ್ಲ ಎನ್ನುವ ಸ್ಥಿತಿ ರಸಾಯನವಿಜ್ಞಾನದಲ್ಲಿ ಒಂದು ಪಿಎಚ್‌ಡಿಯನ್ನೇ ನಿಲ್ಲಿಸಬಲ್ಲದು. ಸೈದ್ಧಾಂತಿಕ ಭೌತವಿಜ್ಞಾನ, ಗಣಿತದಲ್ಲಿ ಇದು ಅಷ್ಟು ಕಾಡುವುದಿಲ್ಲ.

ಹುಡುಕುವ ದಾರಿಗಳ ಬಗ್ಗೆ ಅರ್ಜಿದಾರರಿಗೆ ಒಂದು ಮಾತು, ಅನುದಾನ ಸಂಸ್ಥೆಗಳಿಗೂ ಒಂದು ಮಾತು. ಯುರೋಪಿಯನ್ ಆಯೋಗದ ಯುರಾಕ್ಸೆಸ್‌ನಂಥ ಉದ್ಯೋಗ ಪಟ್ಟಿಗಳನ್ನು ಎಲ್ಲರೂ ನೋಡುತ್ತಾರೆ. ಪ್ರಕಟಣೆ ಅಲ್ಲಿಗೆ ಬರುವ ಹೊತ್ತಿಗೆ ನೂರಾರು ಜನ ಸಾಲಿನಲ್ಲಿರುತ್ತಾರೆ. ಅದಕ್ಕಿಂತ ಮೊದಲೇ ಸುಳಿವು ಸಿಗುವುದು ಅನುದಾನಗಳ ಸಾರ್ವಜನಿಕ ದಾಖಲೆಗಳಲ್ಲಿ: ಅಮೆರಿಕದ ಎನ್‌ಎಸ್‌ಎಫ್ ಅವಾರ್ಡ್ ಸರ್ಚ್ ಮತ್ತು ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆಯ ಎನ್‌ಐಎಚ್ ರಿಪೋರ್ಟರ್, ಯುರೋಪಿಯನ್ ಒಕ್ಕೂಟದ ಕಾರ್ಡಿಸ್, ಜರ್ಮನಿಯ ಸಂಶೋಧನಾ ಅನುದಾನ ಸಂಸ್ಥೆ ಡಿಎಫ್‌ಜಿ ನಡೆಸುವ ಗೆಪ್ರಿಸ್, ಬ್ರಿಟನ್ನಿನ ಗೇಟ್‌ವೇ ಟು ರಿಸರ್ಚ್. ನಿಮ್ಮ ವಿಷಯದ ಮೂರು ನಾಲ್ಕು ಪಾರಿಭಾಷಿಕ ಪದ ಹಾಕಿ, ಕಳೆದ 12 ತಿಂಗಳಲ್ಲಿ ಶುರುವಾದ ಅನುದಾನಗಳನ್ನು ಮಾತ್ರ ಸೋಸಿ ತೆಗೆಯಿರಿ. ಹೊಸ ಅನುದಾನ ಸಿಕ್ಕ ಮಾರ್ಗದರ್ಶಕರಿಗೆ ಮುಂದಿನ ತಿಂಗಳುಗಳಲ್ಲಿ ಜನ ಬೇಕಾಗುವ ಸಾಧ್ಯತೆ ಹೆಚ್ಚು. ಅವರ ಪ್ರಕಟಣೆ ಹೊರಬರುವ ಮೊದಲೇ ಅವರ ಕೆಲಸವನ್ನು ಓದಿಟ್ಟುಕೊಂಡಿರಬಹುದು.

ಇದೇ ದಾಖಲೆಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಪ್ರಕಟಣೆಯಲ್ಲಿ ಹೇಳಿದ ಅನುದಾನವನ್ನು ಅಲ್ಲಿ ಹುಡುಕಿ ಮುಕ್ತಾಯದ ದಿನಾಂಕ ನೋಡಿದರೆ, ಮೇಲೆ ಹೇಳಿದ 27 ತಿಂಗಳ ಲೆಕ್ಕ ಎರಡು ನಿಮಿಷದಲ್ಲಿ ಸಿಗುತ್ತದೆ. ಆದರೆ ಅದಕ್ಕೆ ಅನುದಾನದ ಸಂಖ್ಯೆ ಬೇಕು. ಅನುದಾನ ಸಂಸ್ಥೆಗಳವರೇ, ನಿಮ್ಮ ಹಣದಿಂದ ಪ್ರಕಟವಾಗುವ ಪ್ರತಿ ಪಿಎಚ್‌ಡಿ ಹುದ್ದೆಯಲ್ಲೂ ಅನುದಾನದ ಸಂಖ್ಯೆಯನ್ನು ಕಡ್ಡಾಯ ಮಾಡಿ. ಸಂಶೋಧನಾ ಲೇಖನದ ಕೊನೆಯಲ್ಲಿ ಅದನ್ನು ನಮೂದಿಸಲೇಬೇಕು ಎಂದು ನೀವೇ ಕೇಳುತ್ತೀರಿ. ಕೆಲಸಕ್ಕೆ ಜನರನ್ನು ಕರೆಯುವಾಗ ಕೇಳದಿರಲು ಕಾರಣ ಕಾಣುವುದಿಲ್ಲ.

ಯಾರಿಗೆ ಮೊದಲು ಬರೆಯಬೇಕು ಎಂಬುದು ದೇಶದಿಂದ ದೇಶಕ್ಕೆ, ವಿಷಯದಿಂದ ವಿಷಯಕ್ಕೆ ಬದಲಾಗುತ್ತದೆ. ಪ್ರಕಟಣೆಗಳು ಇದನ್ನು ಹೇಳುವುದೇ ಇಲ್ಲ. ಆಸ್ಟ್ರೇಲಿಯಾ, ಕೆನಡಾದಲ್ಲಿ ಮಾರ್ಗದರ್ಶಕರ ಒಪ್ಪಿಗೆ ಇಲ್ಲದ ಅರ್ಜಿ ಬಹುಪಾಲು ಮುಂದೆ ಸಾಗುವುದಿಲ್ಲ, ಅಲ್ಲಿ ಮೊದಲು ಮೇಲ್, ಆಮೇಲೆ ಅರ್ಜಿ. ಸ್ವೀಡನ್ನಿನಲ್ಲಿ ಹುದ್ದೆಯನ್ನು ಬಹಿರಂಗವಾಗಿ ಪ್ರಕಟಿಸಿಯೇ ತುಂಬಬೇಕು, ನೇಮಕಾತಿ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸದೆ ಮೇಲ್ ಮಾತ್ರ ಬರೆದರೆ ಅದು ಲೆಕ್ಕಕ್ಕಿಲ್ಲ. ಅಮೆರಿಕದ ಜೀವವಿಜ್ಞಾನ ವಿಭಾಗಗಳಲ್ಲಿ ಸಮಿತಿ ಪ್ರವೇಶ ಕೊಡುತ್ತದೆ, ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ಸರದಿಯಂತೆ ಕೆಲಸ ಮಾಡಿ ಆಮೇಲೆ ಮಾರ್ಗದರ್ಶಕರನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಪ್ರಾಧ್ಯಾಪಕರಿಗೆ ಬರೆದ ಮೇಲ್‌ನಿಂದ ಸೀಟು ಸಿಗುವುದಿಲ್ಲ. ಅದೇ ದೇಶದ ಎಂಜಿನಿಯರಿಂಗ್ ವಿಭಾಗಗಳಲ್ಲಿ ಹಣ ಪ್ರಾಧ್ಯಾಪಕರ ಅನುದಾನದಲ್ಲಿ ಇರುವುದರಿಂದ ಅವರಿಗೆ ಆಸಕ್ತಿ ಹುಟ್ಟಿದರೆ ಬಹಳ ವ್ಯತ್ಯಾಸವಾಗುತ್ತದೆ. ಫ್ರಾನ್ಸಿನ ಸಿಫ್ರ್ ಪದ್ಧತಿಯಲ್ಲಿ ವಿದ್ಯಾರ್ಥಿಯನ್ನು ನೇಮಿಸಿಕೊಳ್ಳುವುದು ಕಂಪನಿ, ಲ್ಯಾಬ್ ಅಲ್ಲ. ಕಂಪನಿ, ಲ್ಯಾಬ್, ವಿಷಯ ಮೂರೂ ಕೂಡಿಬರಬೇಕು, ಮತ್ತು ಫಲಿತಾಂಶ ಪ್ರಕಟಿಸುವ ಮೊದಲು ಕಂಪನಿ ಎಷ್ಟು ಕಾಲ ತಡೆಹಿಡಿಯಬಹುದು ಎಂಬ ಷರತ್ತನ್ನು ಸಹಿಗೆ ಮೊದಲೇ ಓದಬೇಕು.

ಮೇಲ್ ಬರೆಯುವವರಿಗೆ: 200 ಪದ ದಾಟಬೇಡಿ. ವಿಷಯದ ಸಾಲಿನಲ್ಲಿ ಪ್ರಾಜೆಕ್ಟ್‌ನ ಸಂಖ್ಯೆ ಅಥವಾ ಪೂರ್ಣ ಶೀರ್ಷಿಕೆ ಇರಲಿ. ಅವರ ಇತ್ತೀಚಿನ ಒಂದು ಲೇಖನದ ಒಂದು ನಿರ್ದಿಷ್ಟ ವಿಧಾನವನ್ನೋ ಫಲಿತಾಂಶವನ್ನೋ ಹಿಡಿದು, ನೀವು ಮಾಡಿದ ಕೆಲಸ ಅದಕ್ಕೆ ಎಲ್ಲಿ ತಾಗುತ್ತದೆ ಎಂದು ಎರಡು ಸಾಲಿನಲ್ಲಿ ಹೇಳಿ. 'ನಿಮ್ಮ ಸಂಶೋಧನೆ ನನಗೆ ಬಹಳ ಇಷ್ಟ' ಎಂಬ ಸಾಲು ಯಾರಿಗೆ ಬೇಕಾದರೂ ಕಳಿಸಬಹುದಾದ ಸಾಲು, ಓದುವವರಿಗೆ ಅದು ಕೂಡಲೇ ತಿಳಿಯುತ್ತದೆ. ಎರಡು ಪುಟದ ಪರಿಚಯ ಪತ್ರ (ಸಿ.ವಿ.) ಮತ್ತು ಅಂಕಪಟ್ಟಿಯನ್ನು ಒಂದೇ ಪಿಡಿಎಫ್ ಮಾಡಿ ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಮಾರ್ಗದರ್ಶಕರ ಒಪ್ಪಿಗೆ ಸಿಕ್ಕ ಮೇಲೆ, ಸಹಿ ಹಾಕುವ ಮೊದಲು, ಅವರ ಈಗಿನ ಇಬ್ಬರು ವಿದ್ಯಾರ್ಥಿಗಳೊಂದಿಗೆ ಮಾತಾಡಲು ಕೇಳಿ. ಹಣ ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯೇ, ಕೊನೆಯ ವರ್ಷದವರು ಹೇಗೆ ನಡೆಸುತ್ತಿದ್ದಾರೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಮೂಲವಿಲ್ಲ.

ಮಾರ್ಗದರ್ಶಕರಿಗೆ ಅರ್ಜಿಯ ಹೊರೆಯ ಬಗ್ಗೆಯೂ ಹೇಳಬೇಕು. ಶಿಫಾರಸು ಪತ್ರಗಳನ್ನು ಅಂತಿಮ ಪಟ್ಟಿಗೆ ಬಂದವರಿಂದ ಮಾತ್ರ ಕೇಳಿ. ಮೊದಲ ಸುತ್ತಿನಲ್ಲೇ ಮೂರು ಪತ್ರ ಕೇಳಿದರೆ, ಹತ್ತು ಕಡೆ ಅರ್ಜಿ ಹಾಕುವ ವಿದ್ಯಾರ್ಥಿ ಅದೇ ಪ್ರಾಧ್ಯಾಪಕರನ್ನು ಹತ್ತು ಸಲ ಕಾಡಬೇಕು, ಪತ್ರಗಳು ಒಂದೇ ಅಚ್ಚಿನವಾಗುತ್ತವೆ, ನಿಮಗೂ ಪ್ರಯೋಜನವಿಲ್ಲ. ಐಇಎಲ್‌ಟಿಎಸ್, ಟೋಫೆಲ್ ಅಂಕಗಳು ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ. ಹಣ ಖಚಿತವಾಗದ ಪ್ರಾಜೆಕ್ಟ್‌ಗೆ ಆರಂಭದಲ್ಲೇ ಪರೀಕ್ಷೆಯ ಫಲಿತಾಂಶ ಬೇಕೆಂದರೆ ವಿದ್ಯಾರ್ಥಿ ಖರ್ಚು ಮಾಡಿ ಕಾಯುತ್ತಿರುವಾಗಲೇ ಅದರ ಗಡುವು ಮುಗಿಯುತ್ತದೆ. 'ಹುದ್ದೆ ತುಂಬುವವರೆಗೆ ತೆರೆದಿರುತ್ತದೆ' ಎಂದು ಬರೆಯುವವರು ಮೊದಲ ಪರಿಶೀಲನೆಯ ದಿನಾಂಕವನ್ನೂ ಬರೆಯಲಿ, ತುಂಬಿದ ದಿನವೇ ಪ್ರಕಟಣೆ ತೆಗೆಯಲಿ. ಉತ್ತರಕ್ಕೆ ಗಡುವು ಕೊಡುವಾಗಲೂ ನ್ಯಾಯ ಇರಲಿ. ಅಮೆರಿಕದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳಲ್ಲಿ, ಹಣಕಾಸಿನ ನೆರವಿನ ಆಹ್ವಾನಕ್ಕೆ ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡಬೇಕೆಂಬ ಬಾಧ್ಯತೆ ವಿದ್ಯಾರ್ಥಿಗಿಲ್ಲ. ಬೇರೆ ಕಡೆ ಮೂರು ದಿನದ ಗಡುವಿನಲ್ಲಿ ಉತ್ತರ ಕೇಳುವವರಿದ್ದಾರೆ. ನಾಲ್ಕು ವರ್ಷದ ಬದುಕನ್ನು ಮೂರು ದಿನದಲ್ಲಿ ತೀರ್ಮಾನಿಸಲು ಹೇಳುವುದು ಸರಿಯಲ್ಲ, ಎರಡು ವಾರವಾದರೂ ಕೊಡಿ.

ನಾವು ಕೇಳುತ್ತಿರುವ ಮೊದಲ ಪ್ಯಾರಾ ಹೀಗಿದ್ದರೆ ಸಾಕು. ಇದು ಮಾದರಿ ಮಾತ್ರ, ಅಂಕಿಗಳನ್ನು ನಿಮ್ಮವೇ ತುಂಬಿಕೊಳ್ಳಿ:

'ಈ ಹುದ್ದೆಯ ಹಣ ಮಂಜೂರಾಗಿದೆ. ಅನುದಾನದ ಸಂಖ್ಯೆ ಇದು, ಮುಗಿಯುವುದು 2030ರ ಸೆಪ್ಟೆಂಬರ್ 30ಕ್ಕೆ. 2026ರ ಅಕ್ಟೋಬರ್ 1ಕ್ಕೆ ಸೇರಿದವರಿಗೆ 48 ತಿಂಗಳು ಸಂಬಳ. ತಡವಾಗಿ ಸೇರಿದರೆ ಅಷ್ಟು ತಿಂಗಳು ಕಡಿಮೆಯಾಗುತ್ತದೆ, ಆ ಕೊರತೆಯಲ್ಲಿ ಮೂರು ತಿಂಗಳವರೆಗೆ ವಿಭಾಗ ಭರಿಸುತ್ತದೆ. ಪೂರ್ಣಾವಧಿ ನೌಕರಿ, ಶೇ. 100 ವೇತನ, ವಾರಕ್ಕೆ ನಾಲ್ಕು ಗಂಟೆ ಬೋಧನೆ. ಯಾವ ದೇಶದವರೂ ಅರ್ಜಿ ಹಾಕಬಹುದು, ವಾಸದ ನಿಯಮ ಇಲ್ಲ. ಬೋಧನಾ ಶುಲ್ಕವಿಲ್ಲ. ಲ್ಯಾಬ್ ಖರ್ಚು ಮತ್ತು ವರ್ಷಕ್ಕೆ ಒಂದು ಸಮ್ಮೇಳನದ ಪ್ರಯಾಣ ಅನುದಾನದಲ್ಲಿದೆ. ಒಂದು ಪ್ರಾಜೆಕ್ಟ್, ಒಂದು ಸ್ಥಾನ, ಮಾರ್ಗದರ್ಶಕರ ಆಯ್ಕೆಯೇ ಅಂತಿಮ. ಅರ್ಜಿಗಳ ಪರಿಶೀಲನೆ ಫೆಬ್ರವರಿ 10ರಂದು, ಆಯ್ಕೆಯಾಗದವರಿಗೂ ಮಾರ್ಚ್ 15ರೊಳಗೆ ಉತ್ತರ.'

ಇಷ್ಟೂ ವಿವರ ನಿಮ್ಮ ಕಡತದಲ್ಲಿ ಈಗಾಗಲೇ ಇದೆ. ಮುಂದಿನ ಪ್ರವೇಶದ ಸುತ್ತಿಗೆ ಪ್ರಕಟಣೆ ಸಿದ್ಧಪಡಿಸುವಾಗ ಅದನ್ನು ಮೇಲಕ್ಕೆ ತನ್ನಿ. ಹಣ ಖಚಿತವಾಗಿಲ್ಲದಿದ್ದರೆ, 'ಖಚಿತವಾಗಿಲ್ಲ, ಇಂಥ ತಿಂಗಳು ತಿಳಿಯುತ್ತದೆ' ಎಂದೇ ಬರೆಯಿರಿ. ಅದನ್ನು ಓದಿಯೂ ಅರ್ಜಿ ಹಾಕುವವರು ತಿಳಿದೇ ಹಾಕುತ್ತಾರೆ.

ಇಂತಿ,
ಪಿಎಚ್‌ಡಿ ಅರ್ಜಿದಾರರಿಗೆ ಮಾರ್ಗದರ್ಶನ ನೀಡುವ ಬಳಗ